ಅರವತ್ತು ಕಿಟಕಿಗಳ ಚಕ್ರ

7 ಡಿಸೆಂಬರ್ 1998, ಸೋಮವಾರ. ತಿ. ನರಸೀಪುರ

ಕೋಮಲಳ ಚಕ್ರ, ಬಾಹ್ಯಾಕಾಶ ನಿಲ್ದಾಣದ ಮಾದರಿ, ಇವತ್ತು ಮುಗಿಯಿತು. ಹಳೆಯ ಸೈಕಲ್ಲಿನ ರಿಮ್ಮು, ಸುತ್ತ ಥರ್ಮಾಕೋಲು, ಅದರ ಮೇಲೆ ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದ. ಅರವತ್ತು ಕಿಟಕಿಗಳನ್ನು ನಾನೇ ನಿಂತು ಎಣಿಸಿ ಬರೆಸಿದೆ. ಶುಕ್ರವಾರ ನಂಜನಗೂಡಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಇದನ್ನು ನೋಡಿದವರು ಬಾಯಿ ಬಿಡದಿದ್ದರೆ ನನ್ನ ಹೆಸರು ಮರಿಯಯ್ಯನೇ ಅಲ್ಲ.

ವಿಜ್ಞಾನದ ಮೇಷ್ಟ್ರು ನಂಜುಂಡೇಶ್‌ಗೆ ಇದು ಹಿಡಿಸಿಲ್ಲ. ಗೋಬರ್ ಗ್ಯಾಸಿನ ಮಾದರಿ ಕಳಿಸೋಣ ಅಂದ. ಪ್ರತಿ ವರ್ಷವೂ ಅದೇ ಗೋಬರ್ ಗ್ಯಾಸು! ನಾನು ನೇರವಾಗಿ ಹೆಡ್‌ಮಿಸ್ಟ್ರೆಸ್ ರುದ್ರಾಣಿ ಮೇಡಂ ಹತ್ತಿರ ಹೋದೆ. "ನಮ್ಮ ಶಾಲೆ ಗೋಡೆ ಮೇಲೆ ಇಪ್ಪತ್ತನಾಲ್ಕು ವರ್ಷದಿಂದ ಬಾಹ್ಯಾಕಾಶ ನಿಲ್ದಾಣ ಇದೆ ಮೇಡಂ. ತಾಲ್ಲೂಕಿನಲ್ಲಿ ಇನ್ಯಾರ ಗೋಡೆ ಮೇಲಿದೆ?" ಎಂದೆ. ನಕ್ಕು ಒಪ್ಪಿಕೊಂಡರು.

ಆ ಗೋಡೆಚಿತ್ರ ಡ್ರಾಯಿಂಗ್ ಮೇಷ್ಟ್ರಾಗಿ ನನ್ನ ಕೈಯ ದೊಡ್ಡ ಕೆಲಸ. ಮೈಸೂರಿನಲ್ಲಿ ಡ್ರಾಯಿಂಗ್ ಕಲಿಯುತ್ತಿದ್ದಾಗ ರದ್ದಿ ಅಂಗಡಿಯಲ್ಲಿ ಅಮೆರಿಕದವರ ಪತ್ರಿಕೆಯ ಬಣ್ಣದ ಹಾಳೆಗಳು ಸಿಕ್ಕಿದ್ದವು. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಚೌಕ ಹಾಕುವುದು, ಗೋಡೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕುವುದು, ಆಮೇಲೆ ಒಂದೊಂದೇ ಚೌಕವನ್ನು ಇಳಿಸುವುದು. ತಲೆಯಿಂದ ಬರೆಯುವವರು ಬರೆದುಕೊಳ್ಳಲಿ, ನಾನು ಇದ್ದದ್ದನ್ನು ಇದ್ದ ಹಾಗೆ ಇಳಿಸುವವನು. ಕಪ್ಪು ಆಕಾಶ, ಅದರಲ್ಲಿ ಬಿಳಿ ಚಕ್ರ, ಕೆಳಗೆ ನೀಲಿ ಭೂಮಿ. ಅರವತ್ತು ಕಿಟಕಿ, ಕಿಟಕಿಗೊಬ್ಬರಂತೆ ಅರವತ್ತು ಜನ. "ಅವರು ಈಗಲೂ ನಮ್ಮ ನೆತ್ತಿ ಮೇಲೆ ಸುತ್ತುತ್ತಾ ಇದ್ದಾರೆ" ಎಂದು ಎಂಟನೇ ತರಗತಿಗೆ ಮೊದಲ ದಿನವೇ ಹೇಳುತ್ತೇನೆ. ಎಲ್ಲ ಮಕ್ಕಳೂ ಒಟ್ಟಿಗೆ ತಲೆ ಎತ್ತುತ್ತಾರೆ. ಅದನ್ನು ನೋಡುವುದೇ ಒಂದು ಸುಖ.

ಕೋಮಲ ಈಗ ಹತ್ತನೇ ತರಗತಿ. ಸೋಸಲೆಯಲ್ಲಿ ನಾನು ಹುಟ್ಟಿದ ಬೀದಿಯವಳೇ. ಗಂಡನಿಲ್ಲದ ಪುಟ್ಟಮಾದಮ್ಮ ಕೂಲಿ ಮಾಡಿ ಸಾಕಿದ ಮಗಳು. "ನಮ್ ಮರಿಯಣ್ಣ ಇಸ್ಕೂಲಲ್ಲಿರೋಗಂಟ ನಂಗೇನ್ ಭಯ" ಎಂದು ತಂದು ಸೇರಿಸಿದ್ದಳು. ಹುಡುಗಿ ಮಾತು ಕಮ್ಮಿ. ಇವತ್ತು ಹೊರಡುವಾಗ, "ಸಾ, ನಂಜನಗೂಡಿಗೆ ಒಂದು ಬಕೆಟ್ ತರ್ತೀನಿ" ಅಂದಳು. ಯಾತಕ್ಕೋ, ಕೇಳಲಿಲ್ಲ.

11 ಡಿಸೆಂಬರ್, ಶುಕ್ರವಾರ

ಬರೆದರೆ ಸಿಟ್ಟು ಇಳಿದೀತೆಂದು ಬರೆಯುತ್ತಿದ್ದೇನೆ.

ಕಲ್ಯಾಣ ಮಂಟಪದ ತುಂಬ ಮೇಜು, ಮೇಜಿನ ತುಂಬ ಮಾದರಿ. ಮೈಸೂರಿನಿಂದ ಮೂವರು ತೀರ್ಪುಗಾರರು ಬಂದಿದ್ದರು. ಅವರು ನಮ್ಮ ಮೇಜಿಗೆ ಬಂದಾಗ ನಾನು ಟೀ ಕುಡಿಯಲು ಹೊರಗೆ ಹೋಗಿದ್ದೆ. ನಡೆದದ್ದನ್ನು ನಂಜುಂಡೇಶ್ ಹೇಳಿದ.

"ಇದು ಈಗ ಎಲ್ಲಿದೆಯಮ್ಮ?" ಎಂದು ಒಬ್ಬರು ಕೇಳಿದರಂತೆ.

"ಮೇಲೆ ಸುತ್ತುತಾ ಅದೆ ಸಾ. ಅರವತ್ತು ಜನ ಅವರೆ."

ಮೂವರೂ ನಕ್ಕರಂತೆ. "ಅರವತ್ತು ಜನಾನಾ! ಅಲ್ಲಮ್ಮ, ಹೊಸ ನಿಲ್ದಾಣದ ಮೊದಲನೇ ಎರಡು ತುಂಡು ಜೋಡಿಸಿರೋದೇ ಈ ವಾರ. ಪೇಪರ್ ಓದಲ್ವಾ? ರಷ್ಯಾದವರದ್ದೊಂದು ಇದೆ, ಅದರಲ್ಲಿ ಇರೋದು ಇಬ್ಬರೋ ಮೂವರೋ. ಇಂಥ ಚಕ್ರಾನ ಯಾರೂ ಕಟ್ಟಿಲ್ಲ, ಎಲ್ಲೂ ಇಲ್ಲ. ನಿನಗೆ ಇದನ್ನ ಹೇಳಿಕೊಟ್ಟವರು ಯಾರು?"

ಹುಡುಗಿ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ, "ಯಾರೂ ಇಲ್ಲ ಸಾ. ನಾನೇ ಕಟ್ಕೊಂಡು ಹೇಳ್ದೆ" ಅಂದಳಂತೆ. ಅಕ್ಕಪಕ್ಕದ ಶಾಲೆಗಳ ಮಕ್ಕಳೆಲ್ಲ ಹೋ ಎಂದು ನಕ್ಕವು. ತೀರ್ಪುಗಾರರು ಹಾಳೆಯಲ್ಲಿ 'ಸುಳ್ಳು ಮಾಹಿತಿ' ಎಂದು ಬರೆದುಕೊಂಡು ಮುಂದಿನ ಮೇಜಿಗೆ ಹೋದರು.

ಯಾರೂ ಕಟ್ಟಿಲ್ಲವಂತೆ! ಎಲ್ಲೂ ಇಲ್ಲವಂತೆ! ಇವರಿಗೆಲ್ಲ ತಲೆ ಕೆಟ್ಟಿದೆಯೇ? ನನ್ನ ಹತ್ತಿರ ಅದರ ಬಣ್ಣದ ಪಟವಿದೆ. ಮೂವತ್ತು ವರ್ಷದ ಹಿಂದೆಯೇ ಇದ್ದದ್ದು ಈಗ ಇಲ್ಲದೆ ಎಲ್ಲಿಗೆ ಹೋಯಿತು?

ಬಸ್ಸಿನಲ್ಲಿ ಅವಳು ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಕೆಟ್ಟನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

12 ಡಿಸೆಂಬರ್, ಶನಿವಾರ

ಶಾಲೆ ಬಿಟ್ಟ ಕೂಡಲೇ ಲೈಬ್ರರಿಗೆ ಹೋಗಿ ವಾರದ ಪೇಪರುಗಳನ್ನೆಲ್ಲ ತಿರುವಿದೆ. ಸಿಕ್ಕಿತು. ಫೋಟೋವೇ ಇದೆ.

ಎರಡು ಡ್ರಮ್ಮು. ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸಿದ್ದಾರೆ, ಪಕ್ಕಕ್ಕೆ ಎರಡು ರೆಕ್ಕೆ. ಚಕ್ರವಿಲ್ಲ. ಕಿಟಕಿಯ ಸಾಲಿಲ್ಲ. ಒಳಗೆ ಒಬ್ಬ ನರಪಿಳ್ಳೆಯೂ ಇಲ್ಲವಂತೆ, ಇನ್ನು ಮೇಲೆ ಹೋಗುತ್ತಾರಂತೆ.

ಲೈಬ್ರರಿಯವನು ಹತ್ತಿರ ಬಂದು "ಯಾಕ್ ಸಾ, ಮನೆ ಕಡೆ ಏನಾದ್ರೂ ಆಯ್ತಾ?" ಎಂದು ಕೇಳಿದ.

13 ಡಿಸೆಂಬರ್, ಭಾನುವಾರ

ಬೆಳಿಗ್ಗೆ ಟ್ರಂಕಿನಿಂದ ಆಲ್ಬಮ್ ತೆಗೆದೆ. ಚಕ್ರದ ಹಾಳೆಯ ಕೆಳಗೆ ಏನೂ ಬರೆದಿಲ್ಲ. ಬರೆದಿರಲು ಸಾಧ್ಯವಿಲ್ಲ, ಯಾಕೆಂದರೆ ನಾನೇ ಕತ್ತರಿಸಿದ್ದೇನೆ. ಚೌಕಗಳು ಸಮನಾಗಿ ಬರಬೇಕಾದರೆ ಹಾಳೆ ಅಳತೆಗೆ ಇರಬೇಕು. ಆದ್ದರಿಂದ ಚಿತ್ರದ ಕೆಳಗಿನ ಅಕ್ಷರದ ಪಟ್ಟಿಯನ್ನು ಬ್ಲೇಡಿನಿಂದ ತೆಗೆದುಬಿಡುವುದು ನನ್ನ ಪದ್ಧತಿ. ಇಡೀ ಆಲ್ಬಮ್ಮಿನಲ್ಲಿ ಒಂದಕ್ಕೂ ಅಕ್ಷರವಿಲ್ಲ.

ಕೊನೆಯಲ್ಲಿ ಒಂದು ಹಾಳೆ ಮಾತ್ರ ಹಾಗೇ ಇತ್ತು. ಬಳಸಿರಲಿಲ್ಲ, ಚೌಕವೂ ಹಾಕಿರಲಿಲ್ಲ. ಚಕ್ರದ ಒಳಗಿನ ನೋಟ. ಒಬ್ಬ ಹೆಂಗಸು ಕುಂಡಗಳಿಗೆ ನೀರು ಹಾಕುತ್ತಿದ್ದಾಳೆ. ಅದರ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೂ ಇಷ್ಟು ತಿಳಿಯಿತು: ಮುಂದೆಂದಾದರೂ ಕಟ್ಟಿದರೆ ನಿಲ್ದಾಣ ಹೀಗಿರಬಹುದು, ಇದು ಚಿತ್ರಕಾರರ ಕಲ್ಪನೆ.

ಚಿತ್ರಕಾರರ ಕಲ್ಪನೆ!

ಅಂದರೆ ಅವನೂ ನನ್ನಂತೆ ಒಂದು ಸ್ಟೂಲಿನ ಮೇಲೆ ಕುಳಿತು, ಡಬ್ಬಿಯಲ್ಲಿ ಕುಂಚ ತೊಳೆದು ಬರೆದವನು. ಅವನೂ ಅದನ್ನು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ನಾನು ಇದ್ದದ್ದನ್ನು ಇಳಿಸುವವನು ಎಂದು ಎದೆ ತಟ್ಟಿಕೊಂಡು ಇಪ್ಪತ್ತನಾಲ್ಕು ವರ್ಷ ಇಲ್ಲದ ಊರಿನ ಜನಗಣತಿ ಹೇಳಿದ್ದೇನೆ. ಎಷ್ಟು ಮಕ್ಕಳಿಗೆ ಹೇಳಿರಬಹುದು? ಅವರೆಲ್ಲ ಈಗ ಎಲ್ಲೆಲ್ಲಿದ್ದಾರೆ? ಅವರಲ್ಲೊಬ್ಬ ಡಾಕ್ಟರು ಬೇರೆ ಆಗಿದ್ದಾನೆ. ಅವನು ಎಲ್ಲಾದರೂ ನಾಲ್ಕು ಜನರ ಮುಂದೆ ಈ ಮಾತು ಆಡಿದ್ದರೆ?

ಹೆಂಡತಿ ಸಣ್ಣತಾಯಮ್ಮ ಊಟಕ್ಕೆ ಕರೆದಳು. ಹಸಿವಿಲ್ಲ ಅಂದೆ.

17 ಡಿಸೆಂಬರ್, ಗುರುವಾರ

ಕೋಮಲ ಸೋಮವಾರದಿಂದ ಬಂದಿಲ್ಲ. ಜ್ವರ ಇರಬಹುದು. ಚಳಿಗಾಲ.

ಸ್ಟಾಫ್ ರೂಮಿನಲ್ಲಿ ಅವಳದೇ ಮಾತು. "ಅಷ್ಟು ಜನದ ಮುಂದೆ ಕತೆ ಕಟ್ಟೋದಾ? ಶಾಲೆ ಮಾನ ಹೋಯ್ತು" ಎಂದರು ಮೇಡಂ. ಯಾರೂ ನನ್ನ ಕಡೆ ನೋಡಲಿಲ್ಲ. ಒಳ್ಳೆಯದೇ ಆಯಿತು. ಮೇ ತಿಂಗಳಿಗೆ ನಾನು ನಿವೃತ್ತಿ. ಇನ್ನು ಐದು ತಿಂಗಳು ಯಾರ ಬಾಯಿಗೂ ಬೀಳದೆ ಕಳೆದುಬಿಟ್ಟರೆ ಸಾಕು.

ಅವಳಾದರೂ ಅರವತ್ತು ಜನ ಎಂದು ಅಷ್ಟು ಖಡಾಖಂಡಿತವಾಗಿ ಯಾಕೆ ಹೇಳಬೇಕಿತ್ತು?

4 ಜನವರಿ 1999, ಸೋಮವಾರ

ಇಲಾಖೆಯಿಂದ ವಿವರಣೆ ಕೇಳಿ ಕಾಗದ ಬಂದಿದೆ. ಮೇಡಂ ಓದಿ ಹೇಳಿದರು. ವಿದ್ಯಾರ್ಥಿನಿಯ ಪೋಷಕರು ತಪ್ಪೊಪ್ಪಿಗೆ ಬರೆದುಕೊಡಬೇಕು. ಹಾಜರಿಯೂ ಕಮ್ಮಿ ಬಿದ್ದಿದೆ. ಇನ್ನೆರಡು ವಾರದಲ್ಲಿ ಕೋಮಲ ಬರದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅವಳನ್ನು ಕೂರಿಸುವಂತಿಲ್ಲ.

"ನಿಮ್ಮೂರಿನ ಹುಡುಗಿಯಲ್ವಾ ಮೇಷ್ಟ್ರೇ, ಒಂದು ಸಲ ಹೋಗಿ ಅವರಮ್ಮನಿಗೆ ಹೇಳಿ ಬನ್ನಿ" ಎಂದರು. ತಲೆಯಾಡಿಸಿದೆ.

ಪುಟ್ಟಮಾದಮ್ಮ ತಪ್ಪೊಪ್ಪಿಗೆ ಬರೆಯಬೇಕಂತೆ. ಅವಳಿಗೆ ಹೆಬ್ಬೆಟ್ಟು ಒತ್ತುವುದು ಮಾತ್ರ ಗೊತ್ತು.

6 ಜನವರಿ, ಬುಧವಾರ

ಸೋಸಲೆಗೆ ಹೋಗಿದ್ದೆ. ನಾಲೆಯ ಪಕ್ಕದ ಗದ್ದೆಯಲ್ಲಿ ಹೆಂಗಸರು ಸಾಲಾಗಿ ನಾಟಿ ಹಾಕುತ್ತಿದ್ದರು. ಸಾಲಿನ ಆಚೆ ತುದಿಯಲ್ಲಿ ಕೋಮಲ. ಪೈರು ಕೈಯಲ್ಲಿ ಹಿಡಿದು ಬಗ್ಗಿದ್ದವಳು ನನ್ನನ್ನು ನೋಡಿಯೂ ತಲೆ ಎತ್ತಲಿಲ್ಲ. ಪುಟ್ಟಮಾದಮ್ಮ ಕೆಸರುಗಾಲಲ್ಲೇ ಬದುವಿಗೆ ಹತ್ತಿ ಬಂದಳು.

"ಬನ್ನಿ ಮರಿಯಣ್ಣ, ಬಿಸ್ಲಲ್ಲಿ ಯಾಕ್ ಬರಕ್ಕೋದ್ರಿ. ನಿಮ್ ಮಖ ನೋಡಕ್ಕೆ ನಂಗೇ ನಾಚ್ಕೆ ಆಯ್ತದೆ ಕನ" ಅಂದಳು. "ನೀವು ಅಷ್ಟು ಚೆಂದಾಗಿ ಏಳ್ಕೊಟ್ರೂ ಈ ಮುಂಡೇದು ಸುಳ್ಳು ಕಟ್ಬುಟ್ಟು ನಗಪಾಟ್ಲು ಮಾಡ್ಕೊಂಡ್ ಬಂದದೆ. ನಿಮ್ಗೂ ಕೆಟ್ಟೆಸ್ರು. ಓದಿದ್ದು ಸಾಕು ಬಾ ಅಂದೆ. ಅದೂ ಸಾಕು ಅಂತು."

ಅವ್ವನಿಗೂ ಅದನ್ನೇ ಹೇಳಿದ್ದಾಳೆ. ನಾನೇ ಕಟ್ಟಿಕೊಂಡು ಹೇಳಿದೆ ಅಂತ. ನಾನು ಬಾಯಿ ತೆರೆದೆ. "ಹಾಗಲ್ಲ ಪುಟ್ಟಮಾದಮ್ಮ" ಅಂದೆ. ಮುಂದಿನದು ಬರಲಿಲ್ಲ. ಅವಳು ಪಕ್ಕದ ಗದ್ದೆಯಿಂದ ಕಬ್ಬಿನ ಜಲ್ಲೆ ಮುರಿದುಕೊಟ್ಟಳು. ಬದುವಿನ ಮೇಲೆ ಕುಳಿತು ತಿಂದು ಬಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಇಲ್ಲಾದರೂ ನಿಜ ಬರೆಯುತ್ತೇನೆ. ಅವತ್ತು ನಾನು ಟೀ ಕುಡಿಯಲು ಹೋಗಿರಲಿಲ್ಲ. ಕಲ್ಯಾಣ ಮಂಟಪದಲ್ಲೇ, ಮೇಜಿನಿಂದ ಹತ್ತು ಹೆಜ್ಜೆ ದೂರದ ಕಂಬದ ಮರೆಯಲ್ಲಿದ್ದೆ. ಮೊದಲ ನಗು ಕೇಳಿದ ಕೂಡಲೇ ಕಾಲು ತಾನಾಗಿ ಆ ಕಂಬದ ಹಿಂದೆ ಸರಿದಿತ್ತು. 'ಹೇಳಿಕೊಟ್ಟವರು ಯಾರು' ಎಂದು ಕೇಳಿದ್ದು ನನ್ನ ಕಿವಿಗೇ ಬಿತ್ತು. ಉತ್ತರವೂ ಬಿತ್ತು.

8 ಜನವರಿ, ಶುಕ್ರವಾರ

ಸಣ್ಣತಾಯಮ್ಮನಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡಳು. ನಗುತ್ತಾಳೆ ಅಂದುಕೊಂಡೆ, ಇಲ್ಲಾ ಬೈಯುತ್ತಾಳೆ ಅಂದುಕೊಂಡೆ.

"ಆ ಮೊಗ ಎಷ್ಟೊತ್ತು ಅಂಗೆ ನಿಂತಿತ್ತು?" ಎಂದಳು.

"ಒಂದು ಹತ್ತು ನಿಮಿಷ."

"ನೀವು?"

"ನಾನೂ ಅಷ್ಟೇ."

ಅವರೆಕಾಯಿ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಬೆಳಿಗ್ಗೆಯಿಂದ ಮಾತಿಲ್ಲ. ಮೂವತ್ತೆರಡು ವರ್ಷದಲ್ಲಿ ಇವಳು ನನ್ನೊಡನೆ ಹೀಗೆ ಮಾತು ಬಿಟ್ಟದ್ದಿಲ್ಲ.

11 ಜನವರಿ, ಸೋಮವಾರ

ಹೆಡ್‌ಮಿಸ್ಟ್ರೆಸ್‌ಗೆ ಪತ್ರ ಕೊಟ್ಟೆ. ತಪ್ಪು ಮಾಹಿತಿ ಕೊಟ್ಟವನು ನಾನು, ವಿದ್ಯಾರ್ಥಿನಿಯದೇನೂ ತಪ್ಪಿಲ್ಲ, ಎಂದು ನಾಲ್ಕು ಸಾಲು. ಆ ನಾಲ್ಕು ಸಾಲಿಗೆ ಭಾನುವಾರವಿಡೀ ಹಿಡಿಯಿತು.

ಮೇಡಂ ಎರಡು ಸಲ ಓದಿದರು. "ಇದು ನಿಮ್ಮ ಸರ್ವೀಸ್ ರಿಜಿಸ್ಟರಿಗೆ ಹೋಗುತ್ತೆ. ರಿಟೈರ್ ಆಗೋ ಹೊತ್ತಲ್ಲಿ ಬೇಕಾ ಮೇಷ್ಟ್ರೇ?" ಎಂದರು. ಬೇಕು ಅಂದೆ. "ಸರಿ, ಆ ಹುಡುಗಿ ಬರಲಿ, ಪರೀಕ್ಷೆ ವಿಷಯ ನಾನು ನೋಡ್ಕೋತೀನಿ. ಮಕ್ಕಳ ಮುಂದೆ ಏನೂ ಹೇಳಕ್ಕೆ ಹೋಗಬೇಡಿ. ಕಾಗದದಲ್ಲಿದ್ದರೆ ಸಾಕು." ನನಗೂ ಅಷ್ಟೇ ಬೇಕಾಗಿತ್ತು. ಎದೆ ಹಗುರವಾಯಿತು.

ಹಗುರವಾದದ್ದು ಸ್ಟಾಫ್ ರೂಮಿನವರೆಗೆ. ನಂಜುಂಡೇಶ್‌ಗೆ ಹೇಳಿದಾಗ ಅವನು ನನ್ನನ್ನೇ ನೋಡುತ್ತ ನಿಂತ. "ಮೇಷ್ಟ್ರೇ, ಅದು ಬರೀ ಚಿತ್ರ ಅಂತ ನಮಗೆಲ್ಲ ಗೊತ್ತಿತ್ತು. ಮಕ್ಕಳಿಗೆ ಖುಷಿಯಾಗಲಿ ಅಂತ ನೀವು ಕತೆ ಹೇಳ್ತೀರಿ ಅಂದ್ಕೊಂಡಿದ್ವಿ. ನೀವು ನಿಜವಾಗ್ಲೂ ನಂಬಿದ್ರಾ?"

ಇಪ್ಪತ್ತನಾಲ್ಕು ವರ್ಷ! ಎಲ್ಲರಿಗೂ ಗೊತ್ತಿತ್ತು. ಇಡೀ ಶಾಲೆಯಲ್ಲಿ ನಾನು ಹೇಳಿದ್ದನ್ನು ನಿಜವೆಂದುಕೊಂಡವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬಳು ಕೋಮಲ.

"ಅವಳಿಗೆ ಏನು ಹೇಳಿಕೊಟ್ಟಿದ್ದೀರಿ ಅಂತ ನಾನೂ ಒಂದು ಸಲ ಕೇಳಬೇಕಿತ್ತು" ಎಂದು ನಂಜುಂಡೇಶ್ ತಲೆ ತಗ್ಗಿಸಿದ. ಅವನ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತು.

12 ಜನವರಿ, ಮಂಗಳವಾರ

ಅರ್ಧ ದಿನ ರಜೆ ಹಾಕಿ ಸೋಸಲೆಗೆ ಹೋದೆ. ಬುತ್ತಿ ಉಂಡು ಹೆಂಗಸರೆಲ್ಲ ಬದುವಿನ ಮೇಲೆ ಕೂತಿದ್ದರು. ಎಲ್ಲರ ಮುಂದೆಯೇ ಹೇಳಿದೆ. ಚಕ್ರ ಇದೆ ಅಂದವನು ನಾನು, ಅರವತ್ತು ಜನ ಅಂದವನು ನಾನು, ಅವಳನ್ನು ಕೇಳಿದಾಗ ಬಚ್ಚಿಟ್ಟುಕೊಂಡವನೂ ನಾನು ಅಂದೆ.

ಪುಟ್ಟಮಾದಮ್ಮ ಮೊದಲು ನಂಬಲಿಲ್ಲ. "ಮಗೀನ ಉಳ್ಸಕ್ಕೆ ಇಂಗಂತೀರಿ ಬುಡಿ ಅಣ್ಣ" ಅಂದಳು. ಆಮೇಲೆ ಮಗಳ ಮುಖ ನೋಡಿದಳು. ನನ್ನ ಮುಖ ನೋಡಿದಳು.

"ಒಂದ್ ತಿಂಗ್ಳು ಬಾಯ್ಗ್ ಬಂದಂಗ್ ಬೋದಿದ್ದೀನಿ ಅದ್ನ. ಕೈನೂ ಮಾಡಿದ್ದೀನಿ. ಒಂದ್ ದಿನಾನೂ ನಿಮ್ಮೆಸ್ರು ಎತ್ನಿಲ್ಲ" ಅಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಗದ್ದೆಗಿಳಿದಳು. ಇಳಿದವಳು ತಿರುಗಿ, "ಓಗ್ಬನ್ನಿ ಮೇಷ್ಟ್ರೇ" ಎಂದಳು.

ಮೇಷ್ಟ್ರೇ! ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಅಣ್ಣ ಬಿಟ್ಟು ಬೇರೆ ಬಂದಿರಲಿಲ್ಲ. ಅವಳು ಕಲ್ಲು ತೆಗೆದು ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಕೋಮಲ ಅಲ್ಲೇ ನಿಂತಿದ್ದಳು. "ನೀವು ಕಂಬದ ಹಿಂದೆ ಇದ್ದಿದ್ದು ನಾನು ಕಂಡಿದ್ದೆ ಸಾ" ಅಂದಳು. ಸಿಟ್ಟಿಲ್ಲ, ಅಳುವಿಲ್ಲ. "ನಿಮ್ಮ ಶರ್ಟಿನ ತೋಳು ಕಾಣ್ತಿತ್ತು. ಬತ್ತೀರ ಅಂತ ಕಾಯ್ತಾ ನಿಂತಿದ್ದೆ."

ನೆಲ ಬಿರಿದಿದ್ದರೆ ಇಳಿದುಬಿಡುತ್ತಿದ್ದೆ. ಏನು ಕೇಳಬೇಕೋ ತಿಳಿಯದೆ, "ಬಕೆಟ್ ಯಾತಕ್ಕೆ ತಂದಿದ್ದೆ?" ಎಂದು ಕೇಳಿದೆ. ಹೊರಡುವ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆ.

ಹೆಂಗಸರು ಕುಡಿಯಲು ತಂದಿಟ್ಟಿದ್ದ ನೀರಿನ ಬಕೆಟ್ಟನ್ನು ಎತ್ತಿಕೊಂಡಳು. ಅರ್ಧ ತುಂಬಿತ್ತು. ಹಿಡಿ ಹಿಡಿದು, ಕಾಲು ಅಗಲಿಸಿ ನಿಂತು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತೂಗಿ, ರಪ್ಪನೆ ತಲೆಯ ಮೇಲಿಂದ ಸುತ್ತಿಸಿದಳು. ಬಕೆಟ್ಟು ಪೂರ್ತಿ ತಲೆಕೆಳಗಾಗಿ ಹೋಯಿತು. ಮತ್ತೊಮ್ಮೆ. ಇನ್ನೊಮ್ಮೆ. ಒಂದು ಹನಿ ಬೀಳಲಿಲ್ಲ.

"ಕುಡ್ಯೋ ನೀರು ಕನಮ್ಮಿ ಅದು!" ಎಂದು ಗದ್ದೆಯಿಂದ ಯಾರೋ ಕೂಗಿದರು.

"ಮೇಲೆ ಹೋದೋರಿಗೆ ನೆಲವೇ ಇಲ್ವಂತಲ್ಲ ಸಾ, ತೇಲಾಡ್ತಾರಂತೆ" ಎಂದಳು, ಏದುಸಿರು ಬಿಡುತ್ತ. "ಚಕ್ರ ಇಂಗೆ ಸುತ್ತುತಾ ಇದ್ರೆ ಈ ನೀರು ತಳಕ್ಕೆ ಒತ್ಕೊಂಡಂಗೆ ಅವ್ರು ಅಂಚಿಗೆ ಒತ್ಕೋತಾರೆ. ಆ ಅಂಚೇ ಅವ್ರಿಗೆ ನೆಲ. ನಿಂತ್ಕೋಬೌದು, ನಡೀಬೌದು. ಅದ್ಕೇ ದುಂಡಗೆ ಬರ್ದವ್ರೆ. ನಿಮ್ಮ ಗೋಡೆ ನೋಡ್ತಾ ನೋಡ್ತಾ ಹೊಳೀತು. ಅವತ್ತು ಇದ್ನೇ ತೋರ್ಸಣ ಅಂತಿದ್ದೆ. ಬಕೆಟ್ ಮುಟ್ಟಕ್ಕೂ ಬುಡ್ನಿಲ್ಲ."

ಅದು ಯಾಕೆ ದುಂಡಗಿದೆ ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಹಾಳೆಯಲ್ಲಿ ದುಂಡಗಿತ್ತು, ಗೋಡೆಯಲ್ಲೂ ದುಂಡಗೆ ಇಳಿಸಿದೆ. ಆ ಅಮೆರಿಕದವನು ಅದನ್ನು ನೋಡಿರಲಿಲ್ಲ, ಆದರೆ ಯೋಚನೆ ಮಾಡಿದ್ದ. ಈ ಹುಡುಗಿಯೂ ನೋಡಿಲ್ಲ, ಯೋಚನೆ ಮಾಡಿದ್ದಾಳೆ. ನಾನು ಬರೀ ಚೌಕ ಹಾಕಿದೆ.

"ಸೋಮವಾರದಿಂದ ಶಾಲೆಗೆ ಬಾ. ಪರೀಕ್ಷೆಗೆ ಕೂರಿಸ್ತಾರೆ" ಅಂದೆ. "ಅವ್ವನ್ನ ಕೇಳ್ತೀನಿ" ಅಂದಳು.

18 ಜನವರಿ, ಸೋಮವಾರ

ಬಂದಳು.

ಸಾಲಿನಲ್ಲಿ ನಿಂತಾಗ ಹುಡುಗರು "ಅರವತ್ತು, ಅರವತ್ತು" ಎಂದು ಪಿಸುಗುಟ್ಟಿ ನಕ್ಕರು. ಅವಳಿಗೆ ಅದೇ ಹೆಸರಾಗಿದೆ. ನನ್ನ ಪತ್ರ ಬೀರುವಿನಲ್ಲಿದೆ, ಅದನ್ನು ಈ ಹುಡುಗರು ಓದಿಲ್ಲ. ಮೇಡಂ ಹೇಳಿದ ಹಾಗೆ ಸುಮ್ಮನಿದ್ದೆ. ಅವಳು ನನ್ನ ಮುಂದೆಯೇ ಹಾದುಹೋದಳು, ನೋಡಲಿಲ್ಲ.

27 ಜನವರಿ, ಬುಧವಾರ

ಖಾಲಿ ಪೀರಿಯಡ್ಡಿನಲ್ಲಿ ಪ್ರಶ್ನೆಪತ್ರಿಕೆಯೊಂದರ ಹಿಂಭಾಗದಲ್ಲಿ ಬಕೆಟ್ ಸುತ್ತುವ ಕೈ ಬರೆದೆ. ಎದುರಿಗೆ ಹಾಳೆಯಿಲ್ಲ, ಪಟವಿಲ್ಲ. ಭುಜ ಸೊಟ್ಟಗೆ ಬಂತು. ಹಾಗೇ ಬಿಟ್ಟೆ. ಊಟದ ಬೆಲ್ಲು ಹೊಡೆದದ್ದು ಕೇಳಿಸಲಿಲ್ಲ.

ಸಣ್ಣತಾಯಮ್ಮ ಇವತ್ತು ಮುದ್ದೆಗೆ ಬಸ್ಸಾರು ಮಾಡಿ, ತಾನೇ ಊಟಕ್ಕೆ ಕರೆದಳು.

1 ಫೆಬ್ರವರಿ, ಸೋಮವಾರ

ನಂಜುಂಡೇಶ್ ಒಂದು ಒಳ್ಳೆಯ ಕೆಲಸ ಮಾಡಿದ. ಹತ್ತನೇ ತರಗತಿಯ ವಿಜ್ಞಾನದ ಪೀರಿಯಡ್ಡಿನಲ್ಲಿ ಕೋಮಲಳ ಕೈಯಿಂದ ಪಾಠ ಮಾಡಿಸುತ್ತೇನೆ ಅಂದ. ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಮೇಡಂ ಬಾಗಿಲ ಹತ್ತಿರ ನಿಂತಿದ್ದರು.

ಅವಳು ಚಕ್ರವನ್ನು ಮೇಜಿನ ಮೇಲಿಟ್ಟು, ಮೊದಲನೆಯದಾಗಿ "ಇದು ಇಲ್ಲ. ಇನ್ನೂ ಯಾರೂ ಕಟ್ಟಿಲ್ಲ" ಅಂದಳು. ಆಮೇಲೆ ಬಕೆಟ್ ಸುತ್ತಿಸಿದಳು. ಮುಂದಿನ ಬೆಂಚಿನವರು ಕೂಗಿ ಹಿಂದಕ್ಕೆ ವಾಲಿದರು. ನೀರು ಬೀಳದಿದ್ದಾಗ ಕ್ಲಾಸು ಗಪ್‌ಚುಪ್ಪಾಯಿತು. ದುಂಡಗೆ ಯಾಕೆ, ಸುತ್ತಬೇಕು ಯಾಕೆ, ಎಲ್ಲ ಹೇಳಿದಳು.

ಆಗ ರಂಜಿನಿ ಎನ್ನುವ ಚೂಟಿ ಹುಡುಗಿ ಎದ್ದಳು. "ಅದು ಸುತ್ತುತಾನೇ ಇದ್ರೆ ಕೆಳಗಿಂದ ಹೋದೋರು ಒಳಕ್ಕೆ ಹತ್ತೋದು ಹೆಂಗೆ? ಓಡೋ ಬಸ್ ಹತ್ದಂಗಾ?"

ಕ್ಲಾಸೆಲ್ಲ ನಕ್ಕಿತು. ಕೋಮಲ ಚಕ್ರವನ್ನು ನೋಡಿದಳು, ಬಕೆಟ್ಟನ್ನು ನೋಡಿದಳು. "ಅದು ನಂಗೆ ಗೊತ್ತಿಲ್ಲ" ಅಂದಳು.

ನಗು ಇನ್ನೂ ಜೋರಾಯಿತು. "ಅರವತ್ತು ಜನಾನ ಕೇಳಮ್ಮಿ!" ಎಂದ ಒಬ್ಬ. ಡೆಸ್ಕು ಬಡಿದರು. ಅವಳು ಬಕೆಟ್ಟಿನ ಹಿಡಿ ಹಿಡಿದುಕೊಂಡು ನಿಂತಳು. ನಂಜನಗೂಡಿನಲ್ಲಿ ನಿಂತಿದ್ದಳಲ್ಲ, ಹಾಗೆಯೇ. ನಾನು ಎದ್ದು ನಿಂತೆ. ಯೋಚನೆ ಮಾಡಿ ಎದ್ದದ್ದಲ್ಲ. ಬಾಗಿಲ ಹತ್ತಿರದಿಂದ ಮೇಡಂ ಬೇಡವೆಂಬಂತೆ ಕೈ ಆಡಿಸಿದ್ದು ಕಂಡಿತು.

"ನನಗೂ ಗೊತ್ತಿಲ್ಲ" ಅಂದೆ. ಆ ಗಲಾಟೆಯಲ್ಲಿ ಕೇಳಿಸಲಿಲ್ಲ, ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು. "ಆ ಚಿತ್ರ ಬರೆದವನು ನಾನು. ಅರವತ್ತು ಜನ ಇದ್ದಾರೆ ಅಂತ ಸುಳ್ಳು ಹೇಳಿಕೊಟ್ಟವನು ನಾನು. ನಂಜನಗೂಡಿನಲ್ಲಿ ಅವಳನ್ನ ಕೇಳಿದಾಗ ಹೆದರಿ ಬಚ್ಚಿಟ್ಟುಕೊಂಡವನೂ ನಾನು. ಅವಳು ನನ್ನ ಹೆಸರು ಹೇಳಲಿಲ್ಲ. ನಗೋದಿದ್ದರೆ ಈ ಕಡೆ ತಿರುಗಿ ನಗ್ರಿ."

ಯಾರೂ ನಗಲಿಲ್ಲ. ಮುಂದೇನು ಮಾಡಬೇಕೋ ತಿಳಿಯದೆ ನಿಂತೇ ಇದ್ದೆ. ಅವಳಿಗೆ ಕೈಮುಗಿಯಬೇಕು ಅನ್ನಿಸಿತು.

ಕೋಮಲ ನನ್ನನ್ನು ನೋಡಿದಳು. ಎಷ್ಟೋ ದಿನದ ಮೇಲೆ ನೇರವಾಗಿ ನೋಡಿದಳು.

"ಕೂತ್ಕೊಳ್ಳಿ ಸಾ" ಅಂದಳು. "ನಾನಿನ್ನೂ ಮುಗಿಸಿಲ್ಲ."

ಕೂತೆ.